ನಾಳೆಯ ತಾರೀಕಿನ ಶ್ರದ್ಧಾಂಜಲಿ

ನಾನು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಹಲ್ಲುಜ್ಜುವಾಗ. ಬೇಗ ಏಳುವವರಿಗೆಲ್ಲ ಅಷ್ಟರಲ್ಲಿ ಸಿಕ್ಕಿ ಆಗಿತ್ತು. ಬಾವಿಕಟ್ಟೆಯ ಮೇಲಿಟ್ಟ ಫೋನು ಗುಂಯ್ ಗುಂಯ್ ಅನ್ನುತ್ತ ಅಂಚಿಗೆ ಜರುಗುತ್ತಿತ್ತು. ಬಿದ್ದರೆ ಮತ್ತೆ ಅದೊಂದು ಮಂಡೆಬಿಸಿ ಎಂದು ಬಾಯಲ್ಲಿ ನೊರೆ ಇಟ್ಟುಕೊಂಡೇ ಎತ್ತಿಕೊಂಡೆ. ಸ್ಕ್ರೀನಿನ ಮೇಲೆ ನಾನೇ ಇದ್ದೆ. ಸುತ್ತ ಹೂವಿನ ಮಾಲೆ, ಎರಡೂ ಬದಿ ದೀಪ, ಕೆಳಗೆ ದಪ್ಪ ಅಕ್ಷರದಲ್ಲಿ ಭಾವಪೂರ್ಣ ಶ್ರದ್ಧಾಂಜಲಿ, ಅದರಡಿಯಲ್ಲಿ ನನ್ನ ಹೆಸರು, ಪತ್ರಕರ್ತೆ. ಹಳೆಯ ಸಹಪಾಠಿಯೊಬ್ಬರು ಅದನ್ನು ನನಗೇ ಕಳಿಸಿ ಜೊತೆಗೆ ಕೈಮುಗಿದ ಚಿತ್ರವನ್ನೂ ಹಾಕಿದ್ದರು. ನನ್ನ ಸಾವಿಗೆ ನನಗೇ ಸಂತಾಪ, ನೋಡಿ.

ನಮ್ಮ ಮಂಗಳೂರಿನಲ್ಲಿ ಇದು ಈಗ ಪದ್ಧತಿಯೇ ಆಗಿದೆ. ಯಾರಾದರೂ ಹೋದರೆ ಮನೆಯವರು ಒಮ್ಮೆ ಸರಿಯಾಗಿ ಅಳುವ ಮೊದಲೇ ಪಟ ತಯಾರಾಗುತ್ತದೆ. ಬಂದದ್ದನ್ನು ನಾವು ಓದುವುದಿಲ್ಲ. ಕೈಮುಗಿದು ಮುಂದಿನ ಗ್ರೂಪಿಗೆ ದೂಡುತ್ತೇವೆ. ಭಜನೆಯವರ ಗ್ರೂಪು, ಹಳೆ ವಿದ್ಯಾರ್ಥಿಗಳ ಗ್ರೂಪು, ಮೀನಿನ ರೇಟು ಹಾಕುವ ಗ್ರೂಪು, ಎಲ್ಲದರಲ್ಲೂ ನಾನು ಹೋಗಿ ಬಂದಾಯಿತು. ಹಾಗೆ ದೂಡಿದವರಲ್ಲಿ ಒಬ್ಬರಿಗೂ ತಾರೀಕು ಕಾಣಲಿಲ್ಲ. ಆ ದಿನ ಮಂಗಳವಾರ. ಪಟದಲ್ಲಿ ನಾನು ನಿಧನಳಾದದ್ದು ಬುಧವಾರ. ಅಂದರೆ ನಾಳೆ.

ಬುಧವಾರ ಯಾಕೆ ಎಂದು ಊರಿಗೆ ಗೊತ್ತಾಗದಿದ್ದರೂ ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ನಾನೊಂದು ಸಣ್ಣ ಸಂಜೆ ಪತ್ರಿಕೆಯ ವರದಿಗಾರ್ತಿ. ಸೋಮವಾರದ ಸಂಚಿಕೆಯಲ್ಲಿ ನನ್ನ ವರದಿಯ ಮೊದಲ ಭಾಗ ಬಂದಿತ್ತು. ನದಿಯಾಚೆಯ ಬೆಂಗ್ರೆಯ ಬಳಿ ಪರವಾನಿಗೆ ಇಲ್ಲದೆ ಯಂತ್ರ ಇಟ್ಟು ನದಿಯ ಮರಳು ಎಳೆಯುತ್ತಾರೆ, ಅದರಿಂದಲೇ ದಡ ಕುಸಿದು ಬಡವರ ಹಿತ್ತಲು ನೀರಿಗೆ ಹೋಗುತ್ತಿದೆ ಎಂದು. ಎಳೆಸುವವರು ಯಾರು ಎಂಬುದು ಎರಡನೇ ಭಾಗ. ಬುಧವಾರ ನಿರೀಕ್ಷಿಸಿ ಎಂದು ಕೊನೆಯಲ್ಲಿ ಹಾಕಿದ್ದೆವು. ಅವರು ನಿರೀಕ್ಷಿಸಿದ್ದಾರೆ ಅಂತಾಯಿತು. ನಮ್ಮ ಪತ್ರಿಕೆಯನ್ನು ಕೊನೆಯ ಸಾಲಿನವರೆಗೆ ಓದುವವರು ಇಡೀ ಊರಿನಲ್ಲಿ ಅವರೊಬ್ಬರೇ ಇರಬೇಕು.

ಹೆದರಿಕೆ ಆಯಿತಾ ಎಂದು ಆಮೇಲೆ ಸುಮಾರು ಜನ ಕೇಳಿದರು. ಆಗಲಿಲ್ಲ ಅಂದರೆ ಸುಳ್ಳು. ಆದರೆ ಮೊದಲು ಆದದ್ದು ಬೇರೆ ಏನೋ. ಬಾವಿಯ ನೀರು ಮುಖಕ್ಕೆ ಹಾಕಿದೆ, ತಣ್ಣಗಿತ್ತು. ನಮ್ಮ ದೇರೆಬೈಲಿನ ಬೆಳಗ್ಗಿನ ಬಿಸಿಲು ಪಕ್ಕದ ಮನೆಯ ಹೆಂಚಿನ ಮೇಲೆ ಮೆಲ್ಲ ಇಳಿಯುತ್ತಿತ್ತು. ಎಲ್ಲ ಇದ್ದ ಹಾಗೇ ಉಂಟು, ನಾನೊಬ್ಬಳು ಮಾತ್ರ ಸ್ವಲ್ಪ ಆಚೆ ನಿಂತು ನೋಡುತ್ತಿದ್ದೇನೆ ಅನ್ನಿಸಿತು. ಜ್ವರ ಬಂದಾಗ ಮನೆಯವರ ಮಾತು ದೂರದಿಂದ ಕೇಳುತ್ತದಲ್ಲ, ಹಾಗೆ. ಆ ಮಂಪರು ಇಡೀ ದಿನ ಬಿಡಲಿಲ್ಲ.

ಬೆದರಿಕೆ ನನಗೆ ಹೊಸತೇನಲ್ಲ. ಇಲ್ಲಿ ಬೆದರಿಕೆ ಬೊಬ್ಬೆ ಹೊಡೆದುಕೊಂಡು ಬರುವುದು ಕಡಿಮೆ. ಮದುವೆಯ ಊಟದಲ್ಲಿ ಪಕ್ಕದ ಕುರ್ಚಿಯವರು ಪಾಯಸ ಕುಡಿಯುತ್ತ, ನಿಮ್ಮದು ಆ ಬಿಳಿ ಸ್ಕೂಟರ್ ಅಲ್ವಾ, ಆ ತಿರುವಿನಲ್ಲಿ ಸ್ವಲ್ಪ ಜಾಗ್ರತೆ ಮಾರ್ರೆ, ಲಾರಿಯವರು ನೋಡುವುದಿಲ್ಲ ಅನ್ನುತ್ತಾರೆ. ಅಷ್ಟೇ. ದೂರು ಕೊಡಲಿಕ್ಕೆ ಹೋದರೆ ಅವರು ಹೇಳಿದ್ದರಲ್ಲಿ ತಪ್ಪೇನುಂಟು? ಇಂಥದ್ದನ್ನೆಲ್ಲ ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವಳು. ಮನೆಗೆ ಮಾತ್ರ ತಂದಿರಲಿಲ್ಲ. ಮನೆಯಲ್ಲಿ ಇರುವುದು ನಾನು ಮತ್ತು ಅಮ್ಮ ಇಬ್ಬರೇ.

ಅಮ್ಮ ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಿದ್ದಳು. ಪಟ ತೋರಿಸಿ, ನೋಡು ನನ್ನ ಕಥೆ ಮುಗಿಯಿತು ಎಂದು ನಗಲು ನೋಡಿದೆ. ಅವಳು ಒಮ್ಮೆ ಕಣ್ಣು ಹಾಕಿ ಕಾವಲಿಯ ಕಡೆ ತಿರುಗಿದಳು. ಆಗಲೇ ನೋಡಿದ್ದಾಳೆ ಎಂದು ಗೊತ್ತಾಯಿತು. ನನ್ನ ಅಮ್ಮ ಸುಮ್ಮನಿರುವ ಜಾತಿ ಅಲ್ಲ. ಕರೆಂಟ್ ಹೋದರೂ ಇಲಾಖೆಯ ವಂಶವನ್ನೇ ಜಾಲಾಡುವವಳು. ಆ ದಿನ ಅವಳ ಬಾಯಿಂದ ಒಂದು ಬೈಗುಳವೂ ಬರಲಿಲ್ಲ. ಶಾಕ್ ಆಗಿರಬೇಕು ಎಂದುಕೊಂಡೆ. ಅಂಗಳದ ಹಗ್ಗದ ಮೇಲೆ ಅವಳ ರೇಷ್ಮೆ ಸೀರೆ ಹಿಂದಿನ ಸಂಜೆಯಿಂದ ಗಾಳಿಗೆ ಹಾಕಿದ್ದು ಹಾಗೇ ಇತ್ತು. ಅದನ್ನೂ ತೆಗೆದಿಡಲಿಲ್ಲ.

ಎಂಟು ಗಂಟೆ ಆಗುವಾಗ ಜನ ಬರಲು ಶುರು. ವಾಮಂಜೂರಿನಿಂದ ದೊಡ್ಡಮ್ಮ ರಿಕ್ಷಾ ಮಾಡಿಕೊಂಡು ದಾರಿಯಿಡೀ ಅಳುತ್ತ ಬಂದಿದ್ದಳು. ಬಾಗಿಲು ತೆರೆದದ್ದು ನಾನು. ನನ್ನ ಮುಖ ನೋಡಿ ಅವಳ ಅಳು ಅರ್ಧದಲ್ಲಿ ನಿಂತಿತು, ಆಮೇಲೆ ಸಿಟ್ಟು ಏರಿತು. ಎಂತ ಸಾವು ಮಾರಾಯ್ತಿ ನಿನ್ನದು, ರಿಕ್ಷಾದವನ ಎದುರು ನನ್ನ ಮರ್ಯಾದೆ ಹೋಯಿತು ಎಂದು ಬೈದಳು. ಬೈಯುತ್ತಲೇ ನನ್ನ ಎರಡೂ ಕೆನ್ನೆ ಹಿಡಿದು, ಬೆಚ್ಚಗಿದ್ದೇನಾ ಎಂದು ನೋಡುವವಳ ಹಾಗೆ ತುಂಬ ಹೊತ್ತು ಬಿಡಲಿಲ್ಲ.

ಶಾಲೆಯ ಟೀಚರೊಬ್ಬರು ಬಂದರು. ಹಿಂದೊಮ್ಮೆ ನಾನು ಬರೆದದ್ದರಿಂದ ವಿಧವಾ ವೇತನ ಸಿಕ್ಕಿತು ಎನ್ನುವ ಹೆಂಗಸು ಬಂದಳು. ನನಗಂತೂ ಆಕೆಯ ನೆನಪೇ ಇರಲಿಲ್ಲ. ಬಂದವರೆಲ್ಲ ನನ್ನನ್ನು ಜೀವಂತ ಕಂಡು ಬೆಪ್ಪಾಗಿ, ಬಂದ ಮೇಲೆ ಹಾಗೇ ಹೋಗುವುದು ಹೇಗೆ ಎಂದು ಕೂತು, ಹೇಳಲು ತಂದ ಒಳ್ಳೆ ಮಾತುಗಳನ್ನು ನನ್ನ ಎದುರೇ ಹೇಳಿದರು. ಚಾವಡಿಯಲ್ಲಿ ಗೋಡೆಗೆ ಒರಗಿ ನಾನು ಕೇಳುತ್ತಿದ್ದೆ. ಖುಷಿ ಆಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಅವರು ಹೇಳುತ್ತಿದ್ದ ಆ ಹೆಂಗಸು ಯಾರೋ ಬೇರೆ, ಪಾಪ ಒಳ್ಳೆಯವಳು, ಎಂದು ಅನ್ನಿಸುತ್ತಿತ್ತು. ಅಮ್ಮ ಎಲ್ಲರಿಗೂ ಕಾಫಿ ಕೊಟ್ಟಳು. ಒಬ್ಬರ ಮುಖವನ್ನೂ ನೋಡಲಿಲ್ಲ.

ಸಂಪಾದಕರು ಫೋನ್ ಮಾಡಿದರು. ಪತ್ರಿಕೆಯ ಯಜಮಾನರೂ ಅವರೇ. ಒಳ್ಳೆಯ ಮನುಷ್ಯ. ನನ್ನ ದನಿ ಕೇಳಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಎರಡನೇ ಭಾಗ ನಾಳೆ ಹತ್ತು ಗಂಟೆಯೊಳಗೆ ಕೊಟ್ಟರೆ ಹಾಕುತ್ತೇನೆ, ಆದರೆ ನಿಮ್ಮ ಹೆಸರು ಬೇಡ, ನಮ್ಮ ಪ್ರತಿನಿಧಿಯಿಂದ ಎಂದು ಹಾಕುವಾ ಅಂದರು. ಬೇಡ ಅಂದರೆ ವರದಿಯನ್ನೇ ಬಿಡುವಾ, ಯಾರೂ ಏನೂ ಹೇಳುವುದಿಲ್ಲ ಎಂದೂ ಸೇರಿಸಿದರು. ಆಲೋಚನೆ ಮಾಡಿ ಹೇಳುತ್ತೇನೆ ಎಂದು ಇಟ್ಟೆ. ನನಗೆ ಸಿಟ್ಟು ತಲೆಗೇ ಏರಿತ್ತು. ಪತ್ರಿಕಾ ದಿನಾಚರಣೆಯ ವೇದಿಕೆಯಲ್ಲಿ ಪತ್ರಿಕಾ ಸ್ವಾತಂತ್ರ್ಯ ಎಂದು ಎಷ್ಟು ಭಾಷಣ ಕೇಳಿದ್ದೇನೆ, ಶಾಲು ಹೊದೆಸಿಕೊಂಡು ನಾನೇ ಮಾಡಿದ್ದೂ ಉಂಟು. ಈಗ ಸ್ವಾತಂತ್ರ್ಯ ಅಂದರೆ ನನ್ನ ಹೆಸರಿನ ಜಾಗ ಖಾಲಿ ಬಿಡುವ ಸ್ವಾತಂತ್ರ್ಯ!

ಆದರೆ ತೀರ್ಮಾನ ನಾನೊಬ್ಬಳೇ ಮಾಡುವಂಥದ್ದು ಆಗಿರಲಿಲ್ಲ. ಎರಡನೇ ಭಾಗ ನಿಂತದ್ದೇ ಬೆಂಗ್ರೆಯ ಒಬ್ಬ ಹೆಂಗಸಿನ ಮಾತಿನ ಮೇಲೆ. ಮೀನು ಒಣಗಿಸಿ ಮಾರುವವಳು, ಅಮ್ಮನ ವಯಸ್ಸು. ಅವಳ ಮನೆ ನದಿಗೆ ಎಲ್ಲರಿಗಿಂತ ಹತ್ತಿರ. ಯಂತ್ರ ಯಾರದ್ದು, ಬೋಟಿನಲ್ಲಿ ಕೂತು ಕೂಲಿ ಕೊಡುವವನು ಯಾರು, ಅವನ ಹಿಂದೆ ಯಾರು, ಎಲ್ಲ ಕಣ್ಣಾರೆ ಕಂಡದ್ದನ್ನು ಹೇಳಿದ್ದಳು. ತನ್ನ ಹೆಸರು ಹಾಕಲು ಒಪ್ಪಿದ್ದಳು. ಅವಳ ಮಾತಿಲ್ಲದಿದ್ದರೆ ನನ್ನ ಕೈಯಲ್ಲಿ ಇದ್ದದ್ದು ಬರೀ ಗುಮಾನಿ. ಈ ಪಟ ಅವಳಿಗೂ ಮುಟ್ಟಿರುತ್ತದೆ. ಹೋಗಿ ಮುಖ ತೋರಿಸಿ, ಬೇಕಾದರೆ ಹಿಂದೆ ಸರಿಯಿರಿ ಎಂದು ಹೇಳಿ ಬರಬೇಕು ಅನ್ನಿಸಿತು.

ಬಂದರಿನಲ್ಲಿ ಫೆರಿ ಹತ್ತಿದೆ. ಬೈಕುಗಳು, ಅಕ್ಕಿ ಚೀಲ, ಬುಟ್ಟಿ ಖಾಲಿ ಮಾಡಿಕೊಂಡು ಮನೆಗೆ ಹೊರಟ ಮೀನಿನ ಹೆಂಗಸರು. ಕೆಲವರು ನನ್ನನ್ನು ನೋಡಿದರು, ಫೋನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಒಬ್ಬಳು ಸರಿದು ಜಾಗ ಮಾಡಿಕೊಟ್ಟು, ಕೂತ ಮೇಲೆ ನನ್ನ ಮೊಣಕೈಯನ್ನು ಬೆರಳಿಂದ ಒತ್ತಿ ನೋಡಿದಳು. ನದಿ ಹೊಳೆಯುತ್ತಿತ್ತು. ಇಂಜಿನಿನ ಸದ್ದಿನಲ್ಲಿ ಉಳಿದದ್ದೆಲ್ಲ ಕರಗಿ, ದಡ ಎರಡೂ ಕಡೆ ಒಂದೇ ಹಾಗೆ ಕಾಣುತ್ತಿತ್ತು. ಹೀಗೇ ನಡುವಿನಲ್ಲೇ ಇದ್ದುಬಿಟ್ಟರೆ ಎಷ್ಟು ಒಳ್ಳೆಯದು, ನಾಳೆ ಬರುವುದೇ ಬೇಡ ಎಂದು ನಿಜವಾಗಿ ಆಸೆಯಾಯಿತು.

ಆಗಲೇ ಪಟವನ್ನು ಮೊದಲ ಸಲ ಸರಿಯಾಗಿ ನೋಡಿದ್ದು. ಬೆರಳಿಂದ ಹಿಗ್ಗಿಸಿದೆ. ನನ್ನ ಹೆಗಲ ಮೇಲೆ, ಮಾಲೆಯ ಅಂಚಿನಲ್ಲಿ, ಕತ್ತರಿಸಿ ಉಳಿದ ಎರಡು ಬೆರಳು ಇದ್ದವು. ಒಂದರಲ್ಲಿ ಹವಳದ ಉಂಗುರ. ಅದು ಅಮ್ಮನ ಕೈ. ಸಂಬಂಧಿಕರ ಮದುವೆಯಲ್ಲಿ ಅಮ್ಮ ನನ್ನ ಹೆಗಲ ಮೇಲೆ ಕೈ ಹಾಕಿ ನಿಂತ ಪಟ. ತೆಗೆದದ್ದು ಅಮ್ಮನ ಫೋನಿನಲ್ಲಿ. ಇದ್ದದ್ದೂ ಅದೊಂದರಲ್ಲೇ, ನನಗೂ ಕಳಿಸಿರಲಿಲ್ಲ. ಫೆರಿ ಆಚೆ ದಡಕ್ಕೆ ತಾಗಿ ಎಲ್ಲರೂ ಇಳಿದರು. ನಾನು ಕೂತೇ ಇದ್ದೆ. ಇಳಿಯುವುದಿಲ್ವಾ ಅಕ್ಕ ಎಂದು ಫೆರಿಯವನು ಎರಡು ಸಲ ಕರೆಯಬೇಕಾಯಿತು.

ಬೆಂಗ್ರೆಯ ಹೆಂಗಸು ನನ್ನನ್ನು ಕಂಡು ಅಳಲೂ ಇಲ್ಲ, ಅಚ್ಚರಿಯೂ ಪಡಲಿಲ್ಲ. ಅವಳಿಗೆ ಮೊಮ್ಮಗಳು ತಾರೀಕು ಓದಿ ಹೇಳಿದ್ದಳಂತೆ. ಇಡೀ ಊರಿನಲ್ಲಿ ಒಂದು ಮನೆಯವರಾದರೂ ಓದಿದರಲ್ಲ! ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಹೋದ ವಾರ ನಾನು ನಿಂತು ಮಾತಾಡಿದ ತೆಂಗಿನ ಬುಡ ಈಗ ನೀರಿನಲ್ಲಿತ್ತು. ಮೀನು ಒಣಗಿಸುವ ಚಾಪೆಯನ್ನು ಮನೆಯ ಗೋಡೆಯ ಪಕ್ಕಕ್ಕೆ ತಂದಿದ್ದಳು, ಅದರಾಚೆ ಜಾಗವೇ ಇಲ್ಲ.

ನಾನು ಹೇಳಬೇಕಾದ್ದನ್ನು ಹೇಳಿದೆ. ನಿಮ್ಮ ಹೆಸರು ತೆಗೆಯಬಹುದು, ವರದಿ ಅಚ್ಚಿಗೆ ಹೋಗುವುದಿಲ್ಲ ಅಷ್ಟೇ. ಇನ್ನೊಂದು ವಿಷಯ, ಹೋದರೂ ನನ್ನ ಹೆಸರು ಇರಲಿಕ್ಕಿಲ್ಲ. ಅವಳು ಬಂಗುಡೆಯನ್ನು ಒಂದೊಂದಾಗಿ ಮಗುಚಿ ಹಾಕುತ್ತ ಕೇಳಿಸಿಕೊಂಡಳು.

"ಬರೆದವರು ಯಾರು ಅಂತ ಇಲ್ಲ, ಹೇಳಿದವಳ ಹೆಸರು ಮಾತ್ರ ಉಂಟು ಅಂದ್ರೆ ಹೇಗೆ ಮಗಾ? ನಾನೊಬ್ಬಳೇ ಅಂಗಳದಲ್ಲಿ ನಿಂತ ಹಾಗಾಯಿತಲ್ಲ. ನೀನೂ ನಿಂತರೆ ನಾನೂ ನಿಲ್ಲುತ್ತೇನೆ."

ಅಷ್ಟು ಹೇಳಿ ಒಂದು ಕಟ್ಟು ಒಣಮೀನು ಪೇಪರಿನಲ್ಲಿ ಸುತ್ತಿ ಕೊಟ್ಟಳು. ವಾಪಸು ಬರುವಾಗ ಫೆರಿಯಲ್ಲಿ ಅವಳ ಮಾತು ತಲೆಯಲ್ಲೇ ಇತ್ತು. ನಾವು ಬರೆಯುವವರು ಸ್ವಾತಂತ್ರ್ಯ ನಮ್ಮದೇನೋ ಸ್ವಂತ ಆಸ್ತಿ ಅಂದುಕೊಳ್ಳುತ್ತೇವೆ. ಅದು ಬೇಕಾದದ್ದು ಇಂಥವಳಿಗೆ. ಕಂಡದ್ದನ್ನು ಹೇಳಿ, ತನ್ನ ಮನೆಯಲ್ಲೇ ಉಂಡು ಮಲಗಲಿಕ್ಕೆ. ನಾವು ಪಕ್ಕದಲ್ಲಿ ಇದ್ದೇವೆ ಎಂಬ ಧೈರ್ಯದ ಮೇಲೆ ಅವರು ಬಾಯಿ ಬಿಡುವುದು. ನಾನು ಹೆಸರು ಅಡಗಿಸಿದರೆ ಅವಳ ಬಾಯಿ ಮುಚ್ಚುತ್ತದೆ, ಅವಳ ನಂತರ ಬೆಂಗ್ರೆಯಲ್ಲಿ ಇನ್ನು ಯಾರೂ ಬಾಯಿ ಬಿಡುವುದಿಲ್ಲ. ಬರೆಯಬೇಕು ಎಂದು ಮನಸ್ಸು ಮಾಡಿದೆ. ಆದರೆ ಆ ಎರಡು ಬೆರಳು ಕಣ್ಣ ಮುಂದಿನಿಂದ ಹೋಗಲಿಲ್ಲ.

ಮನೆ ಮುಟ್ಟುವಾಗ ಸಂಜೆ. ಜನ ಹೋಗಿದ್ದರು. ಪಕ್ಕದ ಮನೆಯ ಬ್ಯಾರಿ ಹೆಂಗಸು ಅಮ್ಮನ ಜೊತೆ ಮೆಟ್ಟಿಲಲ್ಲಿ ಕೂತಿದ್ದಳು. ಗಂಡ ದುಬೈಯಲ್ಲಿ, ಹಗಲು ಅರ್ಧ ಅವಳು ನಮ್ಮ ಮನೆಯಲ್ಲೇ. ಅಮ್ಮನಿಗೆ ಫೋನಿನಲ್ಲಿ ಏನು ಬೇಕಾದರೂ ಅವಳೇ ಮಾಡಿಕೊಡುವುದು. ಅವಳ ಕಣ್ಣು ಅತ್ತು ಊದಿತ್ತು. ನಾನು ಪಟ ಹಿಗ್ಗಿಸಿ ಅಮ್ಮನ ಮುಂದೆ ಹಿಡಿದೆ.

"ನಾನೇ ಕೊಟ್ಟದ್ದು," ಅಂದಳು ಅಮ್ಮ. "ಸನ್ಮಾನ ಅಂತ ಹೇಳಿದ ಅವ."

ಸೋಮವಾರ ಸಂಜೆ ಫೋನ್ ಬಂದಿತ್ತಂತೆ. ಚಂದದ ತುಳು, ಅಮ್ಮಾ ಅಮ್ಮಾ ಎಂದು ಜೇನಿನಂಥ ಮಾತು. ನಿಮ್ಮ ಮಗಳು ಎಷ್ಟು ಧೈರ್ಯದಿಂದ ಬರೆಯುತ್ತಾಳೆ, ನಮ್ಮ ಸಂಘದಿಂದ ಸನ್ಮಾನ ಮಾಡುತ್ತೇವೆ, ಫಲಕಕ್ಕೆ ಒಂದು ಒಳ್ಳೆ ಫೋಟೊ ಬೇಕು, ಬುಧವಾರ ಕಾರ್ಯಕ್ರಮ, ಅವಳಿಗೆ ಮಾತ್ರ ಹೇಳಬೇಡಿ, ಖುಷಿಯಾಗಲಿ. ಈ ಊರಿನಲ್ಲಿ ಸನ್ಮಾನ ಇಲ್ಲದ ವಾರ ಉಂಟಾ? ಯಾರಿಗೆ ಸಂಶಯ ಬರಬೇಕು? ಅಮ್ಮ ಇದ್ದ ಪಟಗಳನ್ನೆಲ್ಲ ನೋಡಿ, ನಾನು ನಕ್ಕದ್ದು ಇದೊಂದರಲ್ಲೇ ಎಂದು ಆರಿಸಿ, ಪಕ್ಕದವಳ ಕೈಯಿಂದ ಕಳಿಸಿದ್ದಳು. ಆಮೇಲೆ ವೇದಿಕೆಯ ಎದುರು ಮೊದಲ ಸಾಲಿನಲ್ಲಿ ಕೂರಬೇಕಲ್ಲ ಎಂದು ರೇಷ್ಮೆ ಸೀರೆ ಗಾಳಿಗೆ ಹಾಕಿದ್ದಳು.

ನನಗೆ ಎಷ್ಟು ಸಿಟ್ಟು ಬಂತು ಅಂದರೆ ಒಣಮೀನಿನ ಕಟ್ಟನ್ನು ಅಂಗಳಕ್ಕೆ ಎಸೆದೆ. ಅಮ್ಮನ ಮೇಲಲ್ಲ. ಅವಳ ಖುಷಿಗೆ ಕೈ ಹಾಕಿದರಲ್ಲ, ಅದಕ್ಕೆ. ಮತ್ತೆ ನನ್ನದೇ ಕಸುಬು ನೆನಪಾಗಿ ಕೂತುಬಿಟ್ಟೆ. ಎಲ್ಲಿ ಯಾರು ಸತ್ತರೂ ಆ ಮನೆಗೆ ಹೋಗಿ ಮೆಲ್ಲನೆ, ಅಮ್ಮಾ ಒಂದು ಫೋಟೊ ಇದ್ದರೆ ಕೊಡಿ ಎಂದು ಕೇಳುವವರು ನಾವು. ಇಷ್ಟು ವರ್ಷದಲ್ಲಿ ಇಲ್ಲ ಎಂದ ತಾಯಿಯನ್ನು ನಾನು ನೋಡಿಲ್ಲ. ನಕ್ಕ ಪಟವನ್ನೇ ಹುಡುಕಿ ಕೊಡುತ್ತಾರೆ. ಫೋನ್ ಮಾಡಿದವನಿಗೂ ಅದು ಗೊತ್ತಿತ್ತು. ಆ ನಂಬರಿನ ಸಿಮ್ ಯಾವುದೋ ಪಾಪದವನ ಹೆಸರಿನಲ್ಲಿತ್ತು ಎಂದು ಆಮೇಲೆ ತಿಳಿಯಿತು. ಮಾತಾಡಿದವನು ಇವತ್ತಿಗೂ ಸಿಕ್ಕಿಲ್ಲ. ಊರಿನಲ್ಲಿ ಚಂದದ ತುಳು ಮಾತಾಡುವವರನ್ನು ಕಂಡರೆ ಇವನೇ ಇರಬಹುದಾ ಎಂದು ಈಗಲೂ ದನಿಗೆ ಕಿವಿ ಕೊಡುತ್ತೇನೆ.

ಅಮ್ಮನ ಪಕ್ಕ ಕೂತು ಹೇಳಿದೆ. ಬೆಂಗ್ರೆಯಲ್ಲಿ ಆದದ್ದನ್ನೂ ಹೇಳಿದೆ. ಬರೆದರೆ ನನ್ನ ಹೆಸರು ಹಾಕಿಯೇ ಬರೆಯಬೇಕು. ನೀನು ಬೇಡ ಅಂದರೆ ಬರೆಯುವುದಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡು ನಿನ್ನನ್ನು ಚುಚ್ಚುವುದೂ ಇಲ್ಲ. ಅದು ನಿಜವಾಗಿತ್ತು. ಅವಳ ಆ ಮುಖ ನೋಡಿ ನಾನು ಕೆಲಸ ಬಿಡಲಿಕ್ಕೂ ತಯಾರಿದ್ದೆ. ಅಮ್ಮ ಎದ್ದಳು. ಅಂಗಳಕ್ಕೆ ಹೋಗಿ ಮಣ್ಣು ಕೊಡವಿ ಒಣಮೀನು ಹೆಕ್ಕಿದಳು.

ಬುಧವಾರ ಎದ್ದಾಗ ಮನೆಯಲ್ಲಿ ಅಮ್ಮ ಇರಲಿಲ್ಲ. ಗಂಜಿ ಮುಚ್ಚಿಟ್ಟಿತ್ತು. ಪಕ್ಕದ ಮನೆಗೂ ಬೀಗ. ಫೋನ್ ಮಾಡಿದರೆ ಇಬ್ಬರೂ ಎತ್ತಲಿಲ್ಲ. ವಾಮಂಜೂರಿಗೆ ದೊಡ್ಡಮ್ಮನ ಹತ್ತಿರ ಅಳಲಿಕ್ಕೆ ಹೋಗಿರಬೇಕು, ಅಂದರೆ ನೀನು ಬರೆಯಬೇಡ ಎಂದೇ ಅವಳ ಉತ್ತರ, ಎಂದು ಅರ್ಥ ಮಾಡಿಕೊಂಡು ನಾನು ಆಫೀಸಿಗೆ ಹೋದೆ. ದಾರಿಯಲ್ಲಿ ಪ್ರತಿ ಬೈಕೂ ನನ್ನ ಹಿಂದೆಯೇ ಬರುತ್ತಿರುವ ಹಾಗಿತ್ತು. ನನ್ನ ಮರಣದ ದಿನ ಬಿಸಿಲು ಒಳ್ಳೆ ಎಳೆಯದಾಗಿತ್ತು. ಬೀದಿಯಲ್ಲಿ ಮಲ್ಲಿಗೆ ಮಾರುವವರು, ಬಸ್ಸಿನ ಸೀಟಿ, ಎಲ್ಲವೂ ಹತ್ತಿಯ ಆಚೆಯಿಂದ ಕೇಳಿದ ಹಾಗೆ. ಕಂಪ್ಯೂಟರ್ ತೆರೆದು ಕೂತೆ. ಸಂಪಾದಕರು ಬಾಗಿಲಿಂದ ಎರಡು ಸಲ ನೋಡಿ ಹೋದರು. ಮೇಲೆ ಹೆಸರು ಹಾಕುವ ಜಾಗ, ಕೆಳಗೆ ಖಾಲಿ. ಅಮ್ಮ ಬೇಡ ಅಂದ ಹಾಗೇ ಆಯಿತು, ಬೆಂಗ್ರೆಯವಳು ಕಾಯುತ್ತಿದ್ದಾಳೆ. ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ.

ಆಗ ಪಕ್ಕದ ಮನೆಯವಳ ಫೋನ್ ಬಂತು. ಪೊಲೀಸ್ ಸ್ಟೇಷನ್ನಿನ ಮೆಟ್ಟಿಲಿನಿಂದ ಮಾತಾಡುತ್ತಿದ್ದಳು. ಅಮ್ಮ ಬೆಳಗಾಗುವಾಗಲೇ ಅವಳನ್ನು ಎಬ್ಬಿಸಿ, ನಡಿ, ನನ್ನ ಹತ್ತಿರ ಅವನ ನಂಬರ್ ಉಂಟು, ದೂರು ನಾನೇ ಕೊಡುತ್ತೇನೆ ಎಂದು ಹೊರಡಿಸಿದಳಂತೆ. ಸ್ಟೇಷನ್ನಿನ ಹೆಸರು ಕೇಳಿದರೇ ಬೆವರುವ ನನ್ನ ಅಮ್ಮ. ಒಳಗೆ ಬರೆದುಕೊಳ್ಳುವವರು ಪಟದಲ್ಲಿದ್ದ ಮಾಲೆಯನ್ನಷ್ಟೇ ನೋಡಿ, ರೂಢಿಯ ಹಾಗೆ ತಲೆ ಎತ್ತದೆ, ಮೃತರಿಗೆ ನೀವು ಏನಾಗಬೇಕು ಎಂದು ಕೇಳಿದರಂತೆ. ಮನೆಯಲ್ಲಿ ತುಳು ಬಿಟ್ಟು ಬೇರೆ ಆಡದವಳು, ಶಾಲೆಯಲ್ಲಿ ಕಲಿತ ಕನ್ನಡವನ್ನು ಒಂದೊಂದೇ ಶಬ್ದವಾಗಿ ಹೊರಗೆ ತೆಗೆದು ಉತ್ತರ ಕೊಟ್ಟಳಂತೆ.

"ನಾನು ಅವಳ ತಾಯಿ. ಅವಳು ಸತ್ತಿಲ್ಲ. ಆಫೀಸಿನಲ್ಲಿ ಕೂತು ಬರೆಯುತ್ತಿದ್ದಾಳೆ."

ಅಮ್ಮ ಅದನ್ನು ಹೇಳಿದ ಹೊತ್ತಿನಲ್ಲಿ ನಾನು ಒಂದಕ್ಷರವನ್ನೂ ಬರೆದಿರಲಿಲ್ಲ. ಫೋನ್ ಇಟ್ಟೆ. ಕಣ್ಣು ಒರೆಸಿಕೊಂಡು ಮೊದಲು ನನ್ನ ಹೆಸರು ಹೊಡೆದೆ, ಆಮೇಲೆ ಬೆಂಗ್ರೆಯವಳ ಹೆಸರು, ಮತ್ತೆ ಬರೆಯುತ್ತ ಹೋದೆ.